ಬಾವುಟ ಬದಲಾದ ರಾತ್ರಿ ಕೈದಿಯ ವಾರಂಟ್ ಏನಾಗುತ್ತದೆ?

ಜೈಲಿನ ಅಧಿಕಾರಿ ಒಬ್ಬ ಮನುಷ್ಯನನ್ನು ಬೀಗದೊಳಗೆ ಇಟ್ಟುಕೊಳ್ಳಲು ಇರುವ ಆಧಾರ ಒಂದೇ ಒಂದು ಕಾಗದ: ನ್ಯಾಯಾಲಯದ ವಾರಂಟ್. ಇಂಥ ಹೆಸರಿನವನನ್ನು, ಇಂಥ ಅಪರಾಧಕ್ಕಾಗಿ, ಇಷ್ಟು ಕಾಲ ಸೆರೆಯಲ್ಲಿಡಿ ಎಂದು ಅದರಲ್ಲಿ ಬರೆದಿರುತ್ತದೆ. ಕೆಳಗೆ ನ್ಯಾಯಾಧೀಶರ ಸಹಿ, ಮೊಹರು. ಆ ಕಾಗದವಿಲ್ಲದಿದ್ದರೆ ಜೈಲರನಿಗೂ ಅಪಹರಣಕಾರನಿಗೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸವಿಲ್ಲ. ಸಹಿಗೆ ಬಲ ಬಂದದ್ದು ನ್ಯಾಯಾಲಯದಿಂದ, ನ್ಯಾಯಾಲಯಕ್ಕೆ ಬಲ ಬಂದದ್ದು ಕಾನೂನಿನಿಂದ, ಕಾನೂನಿಗೆ ಬಲ ಬಂದದ್ದು ಆ ನೆಲವನ್ನು ಆಳುವ ಸಾರ್ವಭೌಮ ಸತ್ತೆಯಿಂದ. ಆ ಸತ್ತೆಯೇ ಒಂದು ರಾತ್ರಿ ಬದಲಾದರೆ?

1997ರ ಜೂನ್ 30ರ ಮಧ್ಯರಾತ್ರಿ ಹಾಂಗ್‌ಕಾಂಗ್ ಬ್ರಿಟನ್ನಿನ ಕೈಯಿಂದ ಚೀನಾದ ಕೈಗೆ ಹೋಯಿತು. ಅಲ್ಲಿನ ಸ್ಟ್ಯಾನ್ಲಿ ಜೈಲಿನಲ್ಲಿ ಅಂದು ಮಲಗಿದ್ದ ಸಜಾಬಂದಿಗಳ ಮೇಲಿನ ಮೊಕದ್ದಮೆಗಳೆಲ್ಲ ‘ರಾಣಿ ವರ್ಸಸ್ ಇಂಥವರು’ ಎಂಬ ಶೀರ್ಷಿಕೆಯಲ್ಲಿ ನಡೆದಿದ್ದವು. ಬೆಳಗಾಗುವಷ್ಟರಲ್ಲಿ ರಾಣಿಗೆ ಅಲ್ಲಿ ಯಾವ ಅಧಿಕಾರವೂ ಉಳಿದಿರಲಿಲ್ಲ. ಕೈದಿಗಳು ಮಾತ್ರ ಅಲ್ಲೇ ಇದ್ದರು.

ಇಂಥ ಹೊತ್ತಿನಲ್ಲಿ ಎರಡು ಮಾತು ಕೇಳಿಬರುತ್ತವೆ. ಹಳೆಯ ದೊರೆ ಹೋದ, ಅವನು ಕೊಟ್ಟ ಶಿಕ್ಷೆಯೂ ಹೋಯಿತು ಎನ್ನುವುದು ಒಂದು. ಹೊಸ ದೊರೆ ಬಂದ, ಇನ್ನು ಅವನು ಹೇಳಿದ್ದೇ ಕಾನೂನು ಎನ್ನುವುದು ಇನ್ನೊಂದು. ಮೊದಲನೆಯದು ಕೈದಿಯ ಪರವಾದ ವಾದದಂತೆ ಕಾಣುತ್ತದೆ. ಆದರೆ ತೀರ್ಪುಗಳೆಲ್ಲ ಅಳಿಸಿಹೋದರೆ ಖುಲಾಸೆಯ ತೀರ್ಪುಗಳೂ ಅಳಿಸಿಹೋಗುತ್ತವೆ, ಬಿಡುಗಡೆಯಾಗಿ ಮನೆ ಸೇರಿದವನನ್ನು ಮತ್ತೆ ಕಟಕಟೆಗೆ ತರಬಹುದು ಎಂಬುದನ್ನು ಅದು ಮರೆಯುತ್ತದೆ. ಎರಡನೆಯ ಮಾತನ್ನು ತೀರಾ ತಳ್ಳಿಹಾಕುವಂತಿಲ್ಲ. ಹಳೆಯ ಅರಸ ಕೊಟ್ಟ ಹಕ್ಕನ್ನು ಹೊಸ ಸರ್ಕಾರ ತಾನಾಗಿ ಮಾನ್ಯ ಮಾಡಿದರಷ್ಟೇ ಅದು ಊರ್ಜಿತ ಎಂದು ನಮ್ಮ ಸುಪ್ರೀಂ ಕೋರ್ಟೇ 1964ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಹೇಳಿದೆ. ಅದು ಹಿಂದಿನ ಸಂಸ್ಥಾನವೊಂದು ಕೊಟ್ಟಿದ್ದ ಕಾಡಿನ ಗುತ್ತಿಗೆಯ ವಿಷಯ. ಮನುಷ್ಯನ ಮೈಗೂ ಮರದ ಗುತ್ತಿಗೆಗೂ ಒಂದೇ ತಕ್ಕಡಿ ಸಲ್ಲದು ಎಂಬ ಅರಿವು ಅಂತರರಾಷ್ಟ್ರೀಯ ಕಾನೂನಿನಲ್ಲಿ ಬೇರೂರಿದ್ದು ನಿಧಾನವಾಗಿ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1997ರ ಕೊನೆಯಲ್ಲಿ ತನ್ನ 26ನೇ ಸಾಮಾನ್ಯ ಅಭಿಪ್ರಾಯದಲ್ಲಿ ಅದನ್ನು ನೇರವಾಗಿಯೇ ಬರೆಯಿತು: ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯಲ್ಲಿರುವ ಹಕ್ಕುಗಳು ಆ ನೆಲದಲ್ಲಿ ವಾಸಿಸುವ ಜನರವು, ಸರ್ಕಾರ ಬದಲಾದರೂ ದೇಶ ಒಡೆದರೂ ಬೇರೆ ದೇಶಕ್ಕೆ ಸೇರಿದರೂ ಅವು ಜನರ ಜೊತೆಗೇ ಹೋಗುತ್ತವೆ. ಕೈದಿ ಆ ‘ಜನ’ರಲ್ಲಿ ಒಬ್ಬ. ವ್ಯತ್ಯಾಸ ಇಷ್ಟೇ: ಉಳಿದವರು ಗಂಟುಮೂಟೆ ಕಟ್ಟಿ ಹೊರಡಬಹುದು, ಅವನಿಗೆ ಆ ದಾರಿಯಿಲ್ಲ.

ತತ್ವ ಸರಿ. ಅದು ಜೈಲಿನ ಗೋಡೆ ದಾಟಿ ಒಳಗೆ ಹೋಗುವುದು ಮಾತ್ರ ಕಡತದ ಮೂಲಕ.

ಹಾಂಗ್‌ಕಾಂಗ್: ಹದಿಮೂರು ವರ್ಷದ ತಯಾರಿ

ಹಾಂಗ್‌ಕಾಂಗ್‌ಗಿಂತ ಎಚ್ಚರದಿಂದ ನಡೆದ ಅಧಿಕಾರ ಹಸ್ತಾಂತರ ಹುಡುಕುವುದು ಕಷ್ಟ. 1984ರ ಡಿಸೆಂಬರ್ 19ರಂದು ಬ್ರಿಟನ್ ಮತ್ತು ಚೀನಾ ಜಂಟಿ ಘೋಷಣೆಗೆ ಸಹಿ ಹಾಕಿದವು. 1990ರಲ್ಲಿ ಚೀನಾ ಹಾಂಗ್‌ಕಾಂಗ್‌ಗೆ ಪ್ರತ್ಯೇಕ ಮೂಲ ಕಾನೂನು ಮಾಡಿತು. ಅದರ 8ನೇ ವಿಧಿ ಹಿಂದಿನ ಕಾನೂನುಗಳನ್ನು ಮುಂದುವರಿಸುತ್ತದೆ. 28ನೇ ವಿಧಿ ಚಿತ್ರಹಿಂಸೆಯನ್ನೂ ಮನಬಂದ ಬಂಧನವನ್ನೂ ನಿಷೇಧಿಸುತ್ತದೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆ ಅಲ್ಲಿಗೆ ಅನ್ವಯಿಸುತ್ತಿದ್ದ ಮಟ್ಟಿಗೆ ಜಾರಿಯಲ್ಲಿರುತ್ತದೆ ಎಂದು 39ನೇ ವಿಧಿ ಹೇಳಿದರೆ, ಹಳೆಯ ದಾಖಲೆ, ಹಕ್ಕು, ಹೊಣೆಗಳಿಗೆ 160ನೇ ವಿಧಿ ಮಾನ್ಯತೆ ಕೊಡುತ್ತದೆ. ಕೈದಿಯ ದೃಷ್ಟಿಯಿಂದ ಇಲ್ಲಿ 160 ದೊಡ್ಡದು. ಅವನ ವಾರಂಟ್ ಒಂದು ದಾಖಲೆ ತಾನೆ.

ಇಷ್ಟಾದರೂ ಮೊದಲ ತಿಂಗಳಲ್ಲೇ ತಕರಾರು ಎದ್ದಿತು. ಜೂನ್ ಮಧ್ಯದಲ್ಲಿ ವಿಚಾರಣೆ ಶುರುವಾಗಿದ್ದ ಮೂವರು ಆರೋಪಿಗಳ ಮೇಲಿದ್ದುದು ನ್ಯಾಯದಾನಕ್ಕೆ ಅಡ್ಡಿಪಡಿಸುವ ಸಂಚಿನ ಆರೋಪ. ಅದು ಯಾವ ಶಾಸನದಲ್ಲೂ ಬರೆದಿರದ, ನ್ಯಾಯಾಲಯಗಳ ತೀರ್ಪುಗಳಿಂದಲೇ ಬೆಳೆದ ಇಂಗ್ಲಿಷ್ ಕಾಮನ್ ಲಾ ಅಪರಾಧ. ಜುಲೈ 1ರ ನಂತರ ಅವರ ವಕೀಲರು ಎತ್ತಿದ ಪ್ರಶ್ನೆ ಸರಳವಾಗಿತ್ತು: ಹೊಸ ಸರ್ಕಾರ ವಿಧಿವತ್ತಾಗಿ ಅಂಗೀಕರಿಸದ ಹೊರತು ಕಾಮನ್ ಲಾ ಬದುಕಿರುವುದು ಹೇಗೆ? ಅದು ಸತ್ತಿದ್ದರೆ ಆರೋಪವೂ ಸತ್ತಿದೆ. ಈ ವಾದ ಗೆದ್ದಿದ್ದರೆ ಎಷ್ಟೋ ಹಳೆಯ ಶಿಕ್ಷೆಗಳ ಬುಡ ಅಲುಗುತ್ತಿತ್ತು. ಮೇಲ್ಮನವಿ ನ್ಯಾಯಾಲಯ 1997ರ ಜುಲೈ 29ರಂದು ಅದನ್ನು ತಳ್ಳಿಹಾಕಿತು. ಹಿಂದಿನ ಕಾನೂನುಗಳನ್ನು ‘ಉಳಿಸಿಕೊಳ್ಳತಕ್ಕದ್ದು’ ಎಂದು ಮೂಲ ಕಾನೂನು ಹೇಳಿರುವಾಗ ಅವು ಜುಲೈ 1ರಂದು ತಾವಾಗಿಯೇ ಮುಂದುವರಿದವು, ಬೇರೊಂದು ಅಂಗೀಕಾರ ಬೇಕಿಲ್ಲ ಎಂಬುದು ತೀರ್ಪಿನ ತಿರುಳು. ಅನುಮಾನಕ್ಕೆ ಎಡೆಯಿರಬಾರದೆಂದು ಜುಲೈ 1ರ ನಸುಕಿನಲ್ಲೇ ತಾತ್ಕಾಲಿಕ ಶಾಸಕಾಂಗ ಸೇರಿ ಪುನರೇಕೀಕರಣ ಶಾಸನವನ್ನೂ ಅಂಗೀಕರಿಸಿತ್ತು. ನಡೆಯುತ್ತಿದ್ದ ಮೊಕದ್ದಮೆಗಳು ನಡೆಯುತ್ತಲೇ ಇರುತ್ತವೆ, ‘ರಾಣಿ’ ಎಂದಿದ್ದ ಕಡೆ ಹೊಸ ಆಡಳಿತವೆಂದು ಓದಿಕೊಳ್ಳಬೇಕು ಎಂಬುದು ಅದರ ಸಾರ. ರಾತ್ರಿ ನಿದ್ದೆಗೆಟ್ಟು ಮಾಡಿದ ಇಂಥ ಒಣ ಶಾಸನ ಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ. ಜೈಲಿನಲ್ಲಿರುವವನಿಗೆ ಬಾವುಟದ ಮೆರವಣಿಗೆಗಿಂತ ಅದು ಮುಖ್ಯ.

‘ರಾಣಿ’ಯ ಜಾಗದಲ್ಲಿ ಹೊಸ ಪದ ಹಾಕಿದರೆ ಸಾಕಾಗದ ಒಂದು ಗುಂಪು ಜೈಲಿನಲ್ಲಿತ್ತು. ಹದಿನೆಂಟು ತುಂಬುವ ಮೊದಲೇ ಕೊಲೆ ಮಾಡಿ ಸಿಕ್ಕಿಬಿದ್ದವರಿಗೆ ಹಳೆಯ ಕಾನೂನಿನಲ್ಲಿ ಇಷ್ಟು ವರ್ಷ ಎಂಬ ಶಿಕ್ಷೆ ಇರಲಿಲ್ಲ. ‘ಮಹಾರಾಣಿಯವರ ಇಚ್ಛೆ ಇರುವವರೆಗೆ’ ಅವರು ಒಳಗಿರಬೇಕಿತ್ತು. ಇಚ್ಛೆ ಪಡಬೇಕಾದ ರಾಣಿಯೇ ಇಲ್ಲವಾದ ಮೇಲೆ? ಹಸ್ತಾಂತರದ ಹೊಸ್ತಿಲಲ್ಲಿ ದೀರ್ಘಾವಧಿ ಶಿಕ್ಷೆಗಳ ಪರಿಶೀಲನೆಗೆ ಹೊಸ ಶಾಸನ ಬಂತು. ಈ ಕೈದಿಗಳು ಕನಿಷ್ಠ ಎಷ್ಟು ವರ್ಷ ಇರಬೇಕೆಂದು ನಿಗದಿಪಡಿಸುವ ಅಧಿಕಾರವನ್ನು ಹೊಸ ಆಡಳಿತದ ಮುಖ್ಯಸ್ಥರಿಗೆ ಕೊಟ್ಟಿತು. ಸುಲಭವಾಗಿ ಹೇಳುವುದಾದರೆ ರಾಣಿಯ ಕುರ್ಚಿಯಲ್ಲಿ ಒಬ್ಬ ರಾಜಕೀಯ ಅಧಿಕಾರಿಯನ್ನು ಕೂರಿಸಿತು. 2002ರಲ್ಲಿ ಹೈಕೋರ್ಟ್ ಇದು ತಪ್ಪು ಎಂದಿತು. ಎಷ್ಟು ಕಾಲ ಸೆರೆ ಎಂದು ತೀರ್ಮಾನಿಸುವುದು ಶಿಕ್ಷೆ ವಿಧಿಸುವ ಕೆಲಸ, ಅದು ನ್ಯಾಯಾಧೀಶರದು, ಕಾರ್ಯಾಂಗದ್ದಲ್ಲ. ಕೊನೆಗೆ ಕಾನೂನು ತಿದ್ದಿ ಆ ಕೆಲಸವನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕಾಯಿತು. ಹದಿಮೂರು ವರ್ಷ ತಯಾರಿ ನಡೆಸಿದವರಿಗೂ ಒಂದು ಬೆರಳೆಣಿಕೆಯ ಗುಂಪಿನ ಕಡತ ಸರಿಹೋಗಲು ಇಷ್ಟು ಕಾಲ ಹಿಡಿಯಿತು.

ಮೇಲ್ಮನವಿಯ ಕೊನೆಯ ಮೆಟ್ಟಿಲು ಲಂಡನ್ನಿನ ಪ್ರಿವಿ ಕೌನ್ಸಿಲ್ ಆಗಿತ್ತು. ಜುಲೈ 1ರಿಂದ ಆ ಜಾಗಕ್ಕೆ ಸ್ಥಳೀಯ ಅಂತಿಮ ಮೇಲ್ಮನವಿ ನ್ಯಾಯಾಲಯ ಬಂತು. ಅದರ ಶಾಸನ 1995ರಲ್ಲೇ ಸಿದ್ಧವಾಗಿತ್ತು. ಹಳೆಯ ಬಾಗಿಲು ಮುಚ್ಚುವ ದಿನವೇ ಹೊಸ ಬಾಗಿಲು ತೆರೆದಿರಬೇಕು ಎಂಬ ನಿಯಮ ಇಲ್ಲಿ ಪಾಲನೆಯಾಯಿತು. ಅದು ಪಾಲನೆಯಾಗದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ಕಲಬುರಗಿ, ಬೀದರ್, ರಾಯಚೂರು ಸೇರಿದ್ದ ಹಳೆಯ ಹೈದರಾಬಾದ್ ರಾಜ್ಯದಲ್ಲೇ ಉದಾಹರಣೆಯಿದೆ. ಅದನ್ನು ಮುಂದೆ ನೋಡೋಣ. ಕ್ಷಮಾದಾನದ ಅಧಿಕಾರವೂ ಗವರ್ನರರಿಂದ ಹೊಸ ಮುಖ್ಯಾಧಿಕಾರಿಗೆ ಮೂಲ ಕಾನೂನಿನ 48ನೇ ವಿಧಿಯ ಮೂಲಕ ನೇರವಾಗಿ ದಾಟಿತು.

ರೆಮಿಷನ್ ಲೆಕ್ಕ: ಹಕ್ಕು ಸೋರುವುದು ಇಲ್ಲಿಂದ

ಚಿತ್ರಹಿಂಸೆ, ಮರಣದಂಡನೆ ಎಂದರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಆದರೆ ಆಡಳಿತ ಬದಲಾದಾಗ ಹೆಚ್ಚು ಮಂದಿಯನ್ನು ತಟ್ಟುವುದು ಬಿಡುಗಡೆಯ ದಿನಾಂಕದ ಲೆಕ್ಕ. ಹಾಂಗ್‌ಕಾಂಗ್‌ನ ಜೈಲು ನಿಯಮದಲ್ಲಿ ಸನ್ನಡತೆ ಮತ್ತು ದುಡಿಮೆಗೆ ಶಿಕ್ಷೆಯ ಮೂರನೇ ಒಂದು ಭಾಗದವರೆಗೆ ಮಾಫಿ (ರೆಮಿಷನ್) ಸಿಗುತ್ತದೆ. 9 ವರ್ಷದ ಶಿಕ್ಷೆ ಎಂದರೆ 108 ತಿಂಗಳು. 36 ತಿಂಗಳು ಕಳೆದರೆ 72 ತಿಂಗಳು, ಅಂದರೆ 6 ವರ್ಷಕ್ಕೆ ಬಿಡುಗಡೆ. ಐದು ವರ್ಷ ಕಳೆದ ಕೈದಿಗೆ ಹೊಸ ಆಡಳಿತ ಬಂದು ‘ಹಳೆಯ ಮಾಫಿ ನಮಗೆ ಗೊತ್ತಿಲ್ಲ’ ಎಂದರೆ ತೀರ್ಪಿನ ಒಂದಕ್ಷರವೂ ಬದಲಾಗದೆ ಅವನ ಸೆರೆ ಮೂರು ವರ್ಷ ಹಿಗ್ಗುತ್ತದೆ.

ಸರ್ಕಾರಗಳು ಇದಕ್ಕೆ ಕೊಡುವ ಉತ್ತರ ಒಂದೇ: ಮಾಫಿ ರಿಯಾಯಿತಿ, ಹಕ್ಕಲ್ಲ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2013ರ ಅಕ್ಟೋಬರ್‌ನಲ್ಲಿ ಸ್ಪೇನಿನ ಪ್ರಕರಣವೊಂದರಲ್ಲಿ ಈ ಉತ್ತರವನ್ನು ಒಪ್ಪಲಿಲ್ಲ. ಅಲ್ಲಿ ದುಡಿಮೆಯ ಮಾಫಿಯನ್ನು ಲೆಕ್ಕ ಹಾಕುವ ಕ್ರಮ ಬದಲಿಸಿದ್ದರಿಂದ ಮಹಿಳೆಯೊಬ್ಬರ ಬಿಡುಗಡೆ 2008ರಿಂದ 2017ಕ್ಕೆ ಹೋಗಿತ್ತು. ಶಿಕ್ಷೆಯಾದಾಗ ಊಹಿಸಲಾಗದಿದ್ದ ಈ ಬದಲಾವಣೆ ಶಿಕ್ಷೆಯನ್ನೇ ಹೆಚ್ಚಿಸಿದಂತೆ ಎಂದು ನ್ಯಾಯಾಲಯ ಹೇಳಿತು. ಆಡಳಿತ ಬದಲಾಗುವ ಯಾವುದೇ ನೆಲಕ್ಕೆ ಈ ತೀರ್ಪು ಒಳ್ಳೆಯ ಅಳತೆಗೋಲು.

ಹಾಂಗ್‌ಕಾಂಗ್ 1997ರಲ್ಲಿ ಈ ಲೆಕ್ಕವನ್ನು ಕೆಡಿಸಲಿಲ್ಲ. ಅದು ಅಲ್ಲಾಡಿದ್ದು 27 ವರ್ಷ ಕಳೆದ ಮೇಲೆ. 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಭದ್ರತಾ ಶಾಸನ, ಭದ್ರತೆಗೆ ಸಂಬಂಧಿಸಿದ ಅಪರಾಧಗಳಲ್ಲಿ ಮಾಫಿಯನ್ನು ಜೈಲು ಇಲಾಖೆಯ ಮುಖ್ಯಸ್ಥರ ಒಪ್ಪಿಗೆಗೆ ಕಟ್ಟಿಹಾಕಿತು. ಶಾಸನ ಬರುವ ಮುನ್ನವೇ ಶಿಕ್ಷೆಗೊಳಗಾದವರಿಗೂ ಇದು ಅನ್ವಯವಾಯಿತು. ಬಿಡುಗಡೆಯ ಹೊಸ್ತಿಲಲ್ಲಿದ್ದ ಕೈದಿಯೊಬ್ಬರು ಕೋರ್ಟಿಗೆ ಹೋದರು, ಅದೇ ವರ್ಷ ಡಿಸೆಂಬರ್‌ನಲ್ಲಿ ಸೋತರು. ಮಾಫಿ ಹಕ್ಕೋ ರಿಯಾಯಿತಿಯೋ ಎಂಬ ಹಳೆಯ ಜಗಳವೇ ಇದು. ಹಸ್ತಾಂತರದ ಒಪ್ಪಂದ ಬರೆಯುವಾಗ ಅದನ್ನು ‘ಹಕ್ಕು’ ಎಂದು ಸ್ಪಷ್ಟವಾಗಿ ಬರೆದಿಡದಿದ್ದರೆ ಮುಂದೆ ಯಾರ ಅಗತ್ಯಕ್ಕೆ ತಕ್ಕಂತೆಯೂ ಅದು ಬಾಗುತ್ತದೆ.

ಗೋಡೆ ಇದ್ದ ಕಡೆ ಕಿಂಡಿ

ಹಾಂಗ್‌ಕಾಂಗ್ 1993ರಲ್ಲೇ ಮರಣದಂಡನೆ ತೆಗೆದುಹಾಕಿತ್ತು. ಕೊನೆಯ ಗಲ್ಲು 1966ರಲ್ಲಿ. ಚೀನಾದಲ್ಲಿ ಆ ಶಿಕ್ಷೆ ಇಂದಿಗೂ ಇದೆ. ಸಾರ್ವಭೌಮತ್ವ ಒಂದು, ಕಾನೂನು ವ್ಯವಸ್ಥೆ ಎರಡು ಎಂದಾಗ ಒಬ್ಬ ಆರೋಪಿ ಯಾವ ಕಡೆ ಸಿಕ್ಕಿಬಿದ್ದ ಎಂಬುದೇ ಅವನ ಜೀವ-ಸಾವಿನ ಪ್ರಶ್ನೆಯಾಗುತ್ತದೆ. ಹಾಂಗ್‌ಕಾಂಗ್‌ನ ಕುಖ್ಯಾತ ಅಪಹರಣಕಾರ ಚಿಯುಂಗ್ ಜೆ-ಕ್ಯುಂಗ್ 1998ರಲ್ಲಿ ಸಿಕ್ಕಿಬಿದ್ದದ್ದು ಗಡಿಯಾಚೆ, ಚೀನಾದ ಒಳನಾಡಿನಲ್ಲಿ. ಹಾಂಗ್‌ಕಾಂಗ್‌ನಲ್ಲಿ ನಡೆದ ಅಪಹರಣಗಳಿಗೂ ಅವನ ವಿಚಾರಣೆ ಗುವಾಂಗ್ಝೌನಲ್ಲೇ ನಡೆಯಿತು. ಅದೇ ವರ್ಷ ಡಿಸೆಂಬರ್ 5ರಂದು ಮರಣದಂಡನೆ ಜಾರಿಯಾಯಿತು. ಅವನ ಬಗ್ಗೆ ಮರುಗುವವರು ಕಡಿಮೆಯಿದ್ದರು. ಆದರೆ ಎರಡೂ ಕಡೆಯ ನ್ಯಾಯವ್ಯಾಪ್ತಿ ಒಂದರ ಮೇಲೊಂದು ಬಿದ್ದಾಗ ಯಾರು ಮೊದಲು, ಯಾವ ಷರತ್ತಿನ ಮೇಲೆ ಎಂಬ ಒಪ್ಪಂದ ಎರಡು ವ್ಯವಸ್ಥೆಗಳ ನಡುವೆ ಇರಲೇ ಇಲ್ಲ. ಆ ಖಾಲಿ ಜಾಗವನ್ನು ತುಂಬಲು ಆರೋಪಿಗಳನ್ನು ಚೀನಾದ ಒಳನಾಡಿಗೆ ಒಪ್ಪಿಸಲು ಅವಕಾಶ ಕೊಡುವಂತೆ 2019ರಲ್ಲಿ ತಂದ ಮಸೂದೆಯೇ ಲಕ್ಷಾಂತರ ಜನರನ್ನು ಬೀದಿಗೆ ತಂದದ್ದು.

ಅಮೆರಿಕದ ನ್ಯಾಯಾಲಯಗಳಲ್ಲೂ ಇದೇ ತಲೆನೋವು ಕಾಣಿಸಿಕೊಂಡಿತ್ತು. ಲಂಚದ ಆರೋಪದ ಮೇಲೆ ಹಾಂಗ್‌ಕಾಂಗ್‌ಗೆ ಬೇಕಾಗಿದ್ದ ತಂಬಾಕು ಕಂಪನಿಯ ಮಾಜಿ ಅಧಿಕಾರಿಯೊಬ್ಬರನ್ನು 1995ರ ಕೊನೆಯಲ್ಲಿ ಬಾಸ್ಟನ್ನಿನಲ್ಲಿ ಹಿಡಿದರು. ಆರೋಪಿಗಳನ್ನು ಒಪ್ಪಿಸುವ ಒಪ್ಪಂದ ಇದ್ದದ್ದು ಬ್ರಿಟನ್ ಜೊತೆ. ಕಳುಹಿಸಿದರೆ ವಿಚಾರಣೆ ನಡೆಸುವುದು, ಶಿಕ್ಷೆ ಕೊಡುವುದು ಬ್ರಿಟನ್ ಅಲ್ಲ. ಕೆಳ ನ್ಯಾಯಾಲಯ ಅವರನ್ನು ಬಿಡಿ ಎಂದಿತು, 1997ರ ಮಾರ್ಚ್‌ನಲ್ಲಿ ಮೇಲಿನ ನ್ಯಾಯಾಲಯ ಕಳುಹಿಸಿ ಎಂದಿತು. ಹೊರದೇಶದ ಜೈಲಿನಲ್ಲಿರುವವನಿಗೆ ಅನ್ವಯಿಸುವ ಒಪ್ಪಂದವನ್ನೂ ಮುಂದುವರಿಸುವ ಷರತ್ತು ಬೇಕು ಎಂಬುದನ್ನು ಕರಡು ಬರೆಯುವವರು ಸಾಮಾನ್ಯವಾಗಿ ಮರೆಯುತ್ತಾರೆ.

ಜೈಲಿನೊಳಗಿನ ಮೇಲ್ವಿಚಾರಣೆಯ ವಿಷಯದಲ್ಲಿ ಹಾಂಗ್‌ಕಾಂಗ್‌ನಲ್ಲಿ ಹಳೆಯ ರೂಢಿ ಉಳಿಯಿತು. ಸರ್ಕಾರ ನೇಮಿಸಿದ ‘ಶಾಂತಿಪಾಲಕ ನ್ಯಾಯಾಧಿಕಾರಿ’ಗಳು ಇಬ್ಬಿಬ್ಬರಾಗಿ ಬಂದು ದೂರು ಕೇಳುವ ಪದ್ಧತಿ ಅದು. ಅದರ ಕೊರತೆಯೆಂದರೆ ಭೇಟಿ ಕೊಡುವವರೂ ಭೇಟಿಗೆ ಒಳಗಾಗುವವರೂ ಒಂದೇ ಸರ್ಕಾರದವರು. ಹೊರಗಿನ ಕಣ್ಣೆಂದರೆ ಒಪ್ಪಂದಗಳ ವರದಿ ಪದ್ಧತಿ. ಚಿತ್ರಹಿಂಸೆ ವಿರುದ್ಧದ ಒಪ್ಪಂದಕ್ಕೆ ಚೀನಾ 1988ರಲ್ಲೇ ಸೇರಿತ್ತು, ಆದ್ದರಿಂದ ಅಲ್ಲಿ ತೊಡಕಿರಲಿಲ್ಲ. ನಾಗರಿಕ ಹಕ್ಕುಗಳ ಒಡಂಬಡಿಕೆಗೆ ಚೀನಾ 1998ರಲ್ಲಿ ಸಹಿ ಮಾತ್ರ ಹಾಕಿದೆ, ಸ್ಥಿರೀಕರಿಸಿಲ್ಲ. ಆದರೂ ಹಾಂಗ್‌ಕಾಂಗ್‌ನ ಮಟ್ಟಿಗೆ 1999ರಿಂದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯ ಮುಂದೆ ವರದಿ ಸಲ್ಲಿಸುತ್ತ ಬಂದಿದೆ. ಒಂದು ಒಪ್ಪಂದಕ್ಕೆ ತಾನೇ ಸೇರದ ದೇಶ ತನ್ನ ಒಂದು ಭಾಗದ ಪರವಾಗಿ ಅದಕ್ಕೆ ಉತ್ತರ ಕೊಡುವುದು ವಿಚಿತ್ರವೇ. ಆದರೆ ಒಬ್ಬೊಬ್ಬ ಕೈದಿ ಆ ಸಮಿತಿಗೆ ನೇರವಾಗಿ ದೂರು ಕೊಡುವ ದಾರಿ ಬ್ರಿಟಿಷರ ಕಾಲದಲ್ಲೂ ಇರಲಿಲ್ಲ, ಈಗಲೂ ಇಲ್ಲ. ಇನ್ನೊಂದು ಸೂಕ್ಷ್ಮ: 1991ರಲ್ಲಿ ಬ್ರಿಟಿಷ್ ಆಡಳಿತ ಮಾಡಿದ ಹಕ್ಕುಗಳ ಶಾಸನದ 9ನೇ ಸೆಕ್ಷನ್ ಕೈದಿಗಳ ಹಕ್ಕುಗಳನ್ನು ‘ಸೆರೆಮನೆಯ ಶಿಸ್ತಿಗಾಗಿ’ ಮಿತಿಗೊಳಿಸಬಹುದು ಎನ್ನುತ್ತದೆ. ಹೋಗುವ ದೊರೆ ಬಿಟ್ಟುಹೋದ ಕಿಂಡಿ ಬರುವ ದೊರೆಗೂ ತೆರೆದೇ ಇರುತ್ತದೆ.

ಒಪ್ಪಿಗೆಯಿಲ್ಲದೆ ನೆಲ ಕೈ ಬದಲಾದಾಗ

ಇಲ್ಲಿಯವರೆಗೆ ಹೇಳಿದ್ದು ಇಬ್ಬರೂ ಒಪ್ಪಿ ಮಾಡಿದ ಹಸ್ತಾಂತರ. ಸೈನ್ಯ ನುಗ್ಗಿ ನೆಲ ಹಿಡಿದರೆ ಕಾನೂನು ಬೇರೆ. ಆಗ ಅದು ಸಾರ್ವಭೌಮತ್ವದ ಬದಲಾವಣೆಯಲ್ಲ, ಆಕ್ರಮಿತ ಪ್ರದೇಶ. 1949ರ ನಾಲ್ಕನೇ ಜಿನೀವಾ ಒಡಂಬಡಿಕೆ ಅಲ್ಲಿ ಬರುತ್ತದೆ, ಮತ್ತು ಅದು ಆಶ್ಚರ್ಯವಾಗುವಷ್ಟು ವಿವರಕ್ಕೆ ಇಳಿಯುತ್ತದೆ. 64ನೇ ವಿಧಿ: ಹಳೆಯ ದಂಡ ಕಾನೂನು ಜಾರಿಯಲ್ಲೇ ಇರಬೇಕು. 70ನೇ ವಿಧಿ: ಆಕ್ರಮಣಕ್ಕೆ ಮುಂಚಿನ ನಡೆ-ನುಡಿಗೆ ಆಕ್ರಮಣಕಾರ ಶಿಕ್ಷೆ ಕೊಡುವಂತಿಲ್ಲ, ಯುದ್ಧದ ನಿಯಮ ಮುರಿದಿದ್ದರೆ ಮಾತ್ರ ಬೇರೆ ಮಾತು. 76ನೇ ವಿಧಿ: ಆರೋಪಿಗಳನ್ನು ಆ ನೆಲದಲ್ಲೇ ಇಡಬೇಕು, ಶಿಕ್ಷೆಯನ್ನೂ ಅಲ್ಲೇ ಅನುಭವಿಸಬೇಕು, ಊಟ ಮತ್ತು ಶುಚಿತ್ವ ಆ ದೇಶದ ಜೈಲುಗಳಿಗಿಂತ ಕಡಿಮೆ ಇರಬಾರದು, ತಿಂಗಳಿಗೆ ಕನಿಷ್ಠ ಒಂದು ಪಾರ್ಸೆಲ್ ಪಡೆಯುವ ಹಕ್ಕಿದೆ. 77ನೇ ವಿಧಿ: ಆಕ್ರಮಣ ಮುಗಿದಾಗ ಕೈದಿಗಳನ್ನು ಕಡತಗಳ ಸಮೇತ ಒಪ್ಪಿಸಬೇಕು. ಕಡತಗಳ ಸಮೇತ ಎಂಬ ಮಾತನ್ನು ಬರೆದವರಿಗೆ ಜೈಲು ಗೊತ್ತಿತ್ತು.

2014ರ ಮಾರ್ಚ್ 18ರಂದು ರಷ್ಯಾ ಉಕ್ರೇನಿನ ಪರ್ಯಾಯದ್ವೀಪವಾದ ಕ್ರೈಮಿಯಾವನ್ನು ತನ್ನದೆಂದು ಘೋಷಿಸಿದಾಗ ಈ ನಾಲ್ಕರಲ್ಲಿ ಮೊದಲ ಮೂರೂ ಮುರಿದವು. ರಷ್ಯಾದ ದಂಡ ಸಂಹಿತೆ ಜಾರಿಗೆ ಬಂತು. ಕ್ರೈಮಿಯನ್ ತಾತಾರರ ನಾಯಕ ಅಖ್ತೆಮ್ ಚಿಯ್‌ಗೋಜ್ ಅವರಿಗೆ 2017ರಲ್ಲಿ 8 ವರ್ಷ ಶಿಕ್ಷೆಯಾದದ್ದು 2014ರ ಫೆಬ್ರವರಿ 26ರ ಪ್ರತಿಭಟನೆಗಾಗಿ. ರಷ್ಯಾದ ಲೆಕ್ಕದಲ್ಲೇ ನೋಡಿದರೂ ಅಂದು ಆ ನೆಲ ಉಕ್ರೇನಿನದು. ಇಡೀ ಪರ್ಯಾಯದ್ವೀಪಕ್ಕೆ ವಿಚಾರಣಾಧೀನ ಕೈದಿಗಳ ಜೈಲು ಇದ್ದದ್ದು ಸಿಂಫೆರೋಪೋಲ್‌ನಲ್ಲಿ ಒಂದೇ ಒಂದು, ಮಹಿಳಾ ಸಜಾಬಂದಿಗಳಿಗೆ ಪ್ರತ್ಯೇಕ ಸೆರೆಮನೆ ಇರಲಿಲ್ಲ. ಹಾಗಾಗಿ ಕೈದಿಗಳನ್ನು ರಷ್ಯಾದ ದೂರದೂರದ ಜೈಲುಗಳಿಗೆ ಸಾಗಿಸಿದರು. ಕುಟುಂಬದವರಿಗೆ ಭೇಟಿ ಎಂದರೆ ಸಾವಿರಾರು ಕಿಲೋಮೀಟರ್.

ಕಣ್ಣಿಗೆ ಬೀಳದ ಪೆಟ್ಟು ಪೌರತ್ವದ್ದು. ಒಂದು ತಿಂಗಳೊಳಗೆ, ಅಂದರೆ ಏಪ್ರಿಲ್ 18ರೊಳಗೆ, ಬೇಡವೆಂದು ಅರ್ಜಿ ಕೊಡದವರೆಲ್ಲ ರಷ್ಯಾದ ಪ್ರಜೆಗಳೆಂದು ಎಣಿಸಲಾಯಿತು. ಅರ್ಜಿಯನ್ನು ಖುದ್ದಾಗಿ ಹೋಗಿ ಕೊಡಬೇಕು. ಬೀಗದೊಳಗಿರುವವನು ಸರತಿ ಸಾಲಿನಲ್ಲಿ ನಿಲ್ಲುವುದು ಹೇಗೆ? ಪೌರತ್ವ ಬದಲಾಯಿತೆಂದರೆ ಅವನ ತಾಯ್ನಾಡಿನ ಕಾನ್ಸಲ್ (ರಾಯಭಾರ ಅಧಿಕಾರಿ) ಅವನನ್ನು ಭೇಟಿಯಾಗುವ ಹಕ್ಕು ಕಳೆದುಕೊಳ್ಳುತ್ತಾರೆ. ಕ್ರೈಮಿಯಾದ ಚಿತ್ರ ನಿರ್ದೇಶಕ ಒಲೆಗ್ ಸೆಂತ್ಸೋವ್ ಅವರ ವಿಷಯದಲ್ಲಿ ಹೀಗೇ ಆಯಿತು. ಅವರು ನಮ್ಮ ಪ್ರಜೆ ಎಂದು ಹೇಳಿ ಉಕ್ರೇನಿನ ಕಾನ್ಸಲ್‌ಗೆ ಪ್ರವೇಶ ನಿರಾಕರಿಸಿದರು. ರಷ್ಯಾದ ರೊಸ್ತೋವ್‌ನಲ್ಲಿ ವಿಚಾರಣೆ ನಡೆಸಿ 20 ವರ್ಷ ಶಿಕ್ಷೆ ಕೊಟ್ಟರು. 2019ರ ಸೆಪ್ಟೆಂಬರ್‌ನ ಕೈದಿಗಳ ವಿನಿಮಯದಲ್ಲಿ ಅವರು ಹೊರಬಂದರು. ಯುರೋಪಿನ ನ್ಯಾಯಾಲಯ 2024ರ ಜೂನ್ 25ರಂದು, ಪೌರತ್ವವನ್ನು ನಿರಾಕರಿಸಲು ಅವಕಾಶ ಕೊಡದಿದ್ದದ್ದನ್ನೂ ಕೈದಿಗಳ ಸಾಗಣೆಯನ್ನೂ ಹಕ್ಕುಗಳ ಉಲ್ಲಂಘನೆ ಎಂದಿತು. ಆ ಹೊತ್ತಿಗೆ ರಷ್ಯಾ ಆ ನ್ಯಾಯಾಲಯದ ವ್ಯವಸ್ಥೆಯಿಂದಲೇ ಹೊರಗಿತ್ತು.

ಔಷಧಿಯ ವಿಷಯವನ್ನು ಯಾರೂ ಮೊದಲು ನೆನೆಯುವುದಿಲ್ಲ. ಉಕ್ರೇನಿನಲ್ಲಿ ಹೆರಾಯಿನ್ ವ್ಯಸನಿಗಳಿಗೆ ಮೆಥಡೋನ್ ಕೊಡುವ ಚಿಕಿತ್ಸೆ ಕಾನೂನುಬದ್ಧ, ರಷ್ಯಾದಲ್ಲಿ ಅಪರಾಧ. ಕ್ರೈಮಿಯಾದಲ್ಲಿ ಈ ಚಿಕಿತ್ಸೆಯಲ್ಲಿದ್ದ ಸುಮಾರು 800 ಮಂದಿಗೆ 2014ರಲ್ಲಿ ಅದು ನಿಂತೇಹೋಯಿತು. ಇವರು ಹೊರಗಿದ್ದವರು, ಜೈಲಿನೊಳಗೆ ಇದೇ ಆದರೆ ರೋಗಿಗೆ ಬೇರೆ ದಾರಿ ಹುಡುಕುವ ಸ್ವಾತಂತ್ರ್ಯವೂ ಇರುವುದಿಲ್ಲ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ. ನಡುವೆ ತಪ್ಪಿದರೆ ಔಷಧಿಗೆ ಬಗ್ಗದ ಕ್ಷಯವಾಗಬಹುದು, ಅದು ಇಡೀ ಬ್ಯಾರಕ್ಕಿಗೆ ಹರಡಬಹುದು.

2022ರ ನವೆಂಬರ್‌ನಲ್ಲಿ ಉಕ್ರೇನಿನ ಖೆರ್ಸೋನ್‌ನಿಂದ ಹಿಂದೆ ಸರಿದ ರಷ್ಯಾದ ಸೇನೆ ಜೈಲುಗಳಲ್ಲಿದ್ದವರನ್ನೂ ಕರೆದುಕೊಂಡು ಹೋಯಿತು. 77ನೇ ವಿಧಿಯೂ ಅಲ್ಲಿಗೆ ಮುಗಿಯಿತು. ಶಿಕ್ಷೆ ಮುಗಿದ ಮೇಲೆ ಗುರುತಿನ ಚೀಟಿ ಇಲ್ಲದ ಈ ಮಂದಿ ಬಿಡುಗಡೆಯ ದಿನವೇ ‘ಅಕ್ರಮ ವಿದೇಶಿಗ’ರಾದರು. ಎಷ್ಟೋ ಮಂದಿಯನ್ನು ಮತ್ತೆ ವಲಸಿಗರ ಬಂಧನ ಕೇಂದ್ರಕ್ಕೆ ಹಾಕಿ, ಜಾರ್ಜಿಯಾ ಗಡಿಗೆ ತಂದು ಬಿಟ್ಟರು.

ನಮ್ಮ ಪಕ್ಕದಲ್ಲೇ

ಹೈದರಾಬಾದ್ 1948ರ ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆಯ ಕೈಗೆ ಬಂತು. ತೆಲಂಗಾಣ ರೈತ ಹೋರಾಟದ ಕಮ್ಯುನಿಸ್ಟರ ವಿಚಾರಣೆಗೆ ವಿಶೇಷ ನ್ಯಾಯಮಂಡಳಿಗಳು ರಚನೆಯಾದವು. 1949ರ ಆಗಸ್ಟ್‌ನಲ್ಲಿ ಹಲವರಿಗೆ ಮರಣದಂಡನೆಯಾಯಿತು, ಡಿಸೆಂಬರ್ ಮಧ್ಯದಲ್ಲಿ ಹೈದರಾಬಾದ್ ಹೈಕೋರ್ಟ್ ಅದನ್ನು ಖಾಯಂ ಮಾಡಿತು. ಆರು ವಾರದಲ್ಲಿ ಸಂವಿಧಾನ ಜಾರಿಗೆ ಬಂತು, ದೆಹಲಿಯಲ್ಲಿ ಸುಪ್ರೀಂ ಕೋರ್ಟ್ ತೆರೆಯಿತು. ಅವರು ಅಲ್ಲಿಗೆ ಮೇಲ್ಮನವಿ ಹೋದರು. ಇಂಗ್ಲೆಂಡಿನಿಂದ ಬ್ಯಾರಿಸ್ಟರ್ ಡಿ.ಎನ್. ಪ್ರಿಟ್ ಬಂದು ವಾದಿಸಿದರು. ಆದರೆ ಜನಾರ್ದನ ರೆಡ್ಡಿ ಪ್ರಕರಣವೆಂದು ಹೆಸರಾದ ಅದರಲ್ಲಿ ನ್ಯಾಯಾಲಯ ಬಾಗಿಲು ತೆರೆಯಲಿಲ್ಲ. ಅದು ಕೊಟ್ಟ ಕಾರಣ: ಮರಣದಂಡನೆ ಖಾಯಂ ಆದ ದಿನ ಹೈದರಾಬಾದಿನ ಹೈಕೋರ್ಟ್ ‘ಭಾರತದ ಭೂಪ್ರದೇಶದೊಳಗಿನ’ ನ್ಯಾಯಾಲಯವಾಗಿರಲಿಲ್ಲ, ಸಂವಿಧಾನ ಹಿಂದಕ್ಕೆ ಹೋಗಿ ಅನ್ವಯಿಸುವುದಿಲ್ಲ. ಶಬ್ದಾರ್ಥದಲ್ಲಿ ತೀರ್ಪು ಸರಿಯಿರಬಹುದು. ಫಲ ಮಾತ್ರ ಭೀಕರ: ಆರು ವಾರ ತಡವಾಗಿ ಹೈಕೋರ್ಟಿನ ತೀರ್ಪು ಬಂದಿದ್ದರೆ ಜೀವದ ಮೇಲ್ಮನವಿಗೆ ಅವಕಾಶವಿರುತ್ತಿತ್ತು. ಕೊನೆಗೆ ಅವರ ಕುತ್ತಿಗೆ ಉಳಿದದ್ದು ಶಿಕ್ಷೆ ಜೀವಾವಧಿಗೆ ಇಳಿದದ್ದರಿಂದ, ನ್ಯಾಯಾಲಯದಿಂದಲ್ಲ.

ಇದಕ್ಕೆ ಎದುರಾಗಿ ಜರ್ಮನಿ 1990ರಲ್ಲಿ ಮಾಡಿದ್ದನ್ನು ಇಡಬಹುದು. ಎರಡು ಜರ್ಮನಿಗಳು ಒಂದಾದಾಗ ಏಕೀಕರಣ ಒಪ್ಪಂದದ 18ನೇ ವಿಧಿ ಪೂರ್ವ ಜರ್ಮನಿಯ ತೀರ್ಪುಗಳನ್ನು ಊರ್ಜಿತವೆಂದಿತು, ಜೊತೆಗೆ ಶಿಕ್ಷೆಗೊಳಗಾದವರಿಗೆ ಮರುಪರಿಶೀಲನೆ ಕೇಳುವ ಹಕ್ಕನ್ನೂ ಕೊಟ್ಟಿತು. 17ನೇ ವಿಧಿ ರಾಜಕೀಯ ಕಾರಣಕ್ಕೆ ಶಿಕ್ಷೆ ಅನುಭವಿಸಿದವರಿಗೆ ಪರಿಹಾರದ ಭರವಸೆ ಕೊಟ್ಟಿತು. ಮುಂದುವರಿಕೆ ಮತ್ತು ಮರುಪರಿಶೀಲನೆ ಎರಡೂ ಜೊತೆಗಿರಬೇಕು. ಬರೀ ಮುಂದುವರಿಕೆಯೆಂದರೆ ಹಳೆಯ ಅನ್ಯಾಯಕ್ಕೆ ಹೊಸ ಮೊಹರು ಒತ್ತಿದಂತೆ.

ಗೋವೆಯದು ಬೇರೆ ಬಗೆ. 1961ರ ಡಿಸೆಂಬರ್ 19ರಂದು ಪಣಜಿಯಲ್ಲಿ ಪೋರ್ಚುಗೀಸ್ ಬಾವುಟ ಇಳಿಯಿತು. ಆದರೆ ಗೋವೆಗಾಗಿ ಹೋರಾಡಿ 1955ರಲ್ಲಿ ಸೆರೆ ಸಿಕ್ಕಿದ್ದ ಮೋಹನ ರಾನಡೆಯವರನ್ನು ಪೋರ್ಚುಗೀಸರು ಮೊದಲೇ ಲಿಸ್ಬನ್ ಬಳಿಯ ಕಶಿಯಾಶ್ ಕೋಟೆಗೆ ಸಾಗಿಸಿದ್ದರು. ಗೋವೆ ಬಿಡುಗಡೆಯಾಗಿ ಏಳು ವರ್ಷ ಕಳೆದರೂ ಅವರಿಗೆ ಬಿಡುಗಡೆಯಿರಲಿಲ್ಲ. ಅವರು ಹೊರಬಂದದ್ದು 1969ರ ಜನವರಿಯಲ್ಲಿ. ತೆಲೊ ಮಸ್ಕರೇನ್ಹಸ್ ಇನ್ನೂ ಒಂದು ವರ್ಷ ಕಾಯಬೇಕಾಯಿತು. ಗೋವೆ ಭಾರತದ್ದೆಂದು ಪೋರ್ಚುಗಲ್ ಒಪ್ಪಿದ್ದೇ 1974ರ ಕೊನೆಯಲ್ಲಿ. ಅಲ್ಲಿಯವರೆಗೆ ಈ ಕೈದಿಗಳ ಬಗ್ಗೆ ಮಾತಾಡಲು ಎರಡು ಸರ್ಕಾರಗಳ ನಡುವೆ ನೇರ ಬಾಗಿಲೇ ಇರಲಿಲ್ಲ. ಕೈದಿ ಯಾವ ನೆಲದಲ್ಲಿದ್ದಾನೆ ಎಂಬುದೇ ಎಲ್ಲಕ್ಕಿಂತ ಮುಖ್ಯವಾಗುವುದು ಇದರಿಂದ.

ಹಾಗೆಯೇ, 1962ರ ಗೋವಾ ಪೌರತ್ವ ಆದೇಶ ಕೂಡ ಹಳೆಯ ಪೌರತ್ವ ಉಳಿಸಿಕೊಳ್ಳಲು ಕೊಟ್ಟದ್ದು ಒಂದೇ ತಿಂಗಳು. ಕ್ರೈಮಿಯಾಕ್ಕೂ ಗೋವೆಗೂ ಹೋಲಿಕೆ ಆ ಅವಧಿಯ ಮಟ್ಟಿಗೆ ಮಾತ್ರ. ಪೋರ್ಚುಗೀಸ್ ಪೌರತ್ವ ಉಳಿಸಿಕೊಂಡ ಪಾದ್ರಿಯೊಬ್ಬರು ಪರವಾನಗಿಯಿಲ್ಲದೆ ಉಳಿದದ್ದಕ್ಕೆ ಶಿಕ್ಷೆಗೊಳಗಾಗಿ, ಜಿನೀವಾ ಒಡಂಬಡಿಕೆಯ ರಕ್ಷಣೆ ಕೇಳಿದಾಗ ಸುಪ್ರೀಂ ಕೋರ್ಟ್ 1969ರಲ್ಲಿ ಒಪ್ಪಲಿಲ್ಲ. ಸಂಘರ್ಷ ಮುಗಿದು ನೆಲ ಭಾರತದಲ್ಲಿ ನಿಜವಾಗಿ ಸೇರಿದ ಮೇಲೆ ಅದು ಆಕ್ರಮಿತ ಪ್ರದೇಶವಲ್ಲ ಎಂಬುದು ಅದರ ನಿಲುವು.

ಕಡತದಲ್ಲಿ ಏನಿರಬೇಕು

ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳು ಈ ಕೆಲಸಕ್ಕೆ ಒಳ್ಳೆಯ ಕೈಪಿಡಿ. ಊರ್ಜಿತ ಆದೇಶವಿಲ್ಲದೆ ಯಾರನ್ನೂ ಒಳಗೆ ಸೇರಿಸುವಂತಿಲ್ಲ, ಬಂದ ದಿನ ಮಾತ್ರವಲ್ಲ ಗಂಟೆಯನ್ನೂ ಬರೆಯಬೇಕು, ಕಣ್ಣಿಗೆ ಕಾಣುವ ಗಾಯಗಳನ್ನೂ ನಮೂದಿಸಬೇಕು ಎಂದು 7ನೇ ನಿಯಮ ಹೇಳುತ್ತದೆ. 26ನೇ ನಿಯಮದಂತೆ ಬೇರೆ ಜೈಲಿಗೆ ಹೋಗುವಾಗ ವೈದ್ಯಕೀಯ ಕಡತ ಜೊತೆಗೆ ಹೋಗಬೇಕು. ಗಾಯದ ನಮೂದಿಗೆ ಅಧಿಕಾರ ಬದಲಾಗುವಾಗ ವಿಶೇಷ ಬೆಲೆಯಿದೆ. ಹಸ್ತಾಂತರದ ಹಿಂದಿನ ದಿನ ಪ್ರತಿ ಕೈದಿಯನ್ನೂ ವೈದ್ಯರು ನೋಡಿ ಸಹಿ ಮಾಡಿದ್ದರೆ, ಏಟು ಬಿದ್ದದ್ದು ಯಾರ ಕಾಲದಲ್ಲಿ ಎಂಬ ವಾದಕ್ಕೆ ಜಾಗವೇ ಇರುವುದಿಲ್ಲ. ಎರಡೂ ಕಡೆಯವರು ‘ಅವರ ಕಾಲದಲ್ಲಿ’ ಎಂದು ಬೆರಳು ತೋರಿಸುವುದೇ ಸಾಮಾನ್ಯ.

ಕೆಲಸ ಶುರುವಾಗಬೇಕಾದದ್ದು ತಲೆ ಎಣಿಕೆಯಿಂದ. ಬೀಗದೊಳಗಿರುವ ತಲೆಗಳು, ರಿಜಿಸ್ಟರಿನ ಹೆಸರುಗಳು, ಕಪಾಟಿನ ವಾರಂಟ್‌ಗಳು, ಮೂರೂ ತಾಳೆಯಾಗಬೇಕು. ತಾಳೆಯಾಗದ ಕೈದಿಯ ಕಡತವನ್ನು ಹಳೆಯ ಆಡಳಿತ ಇರುವಾಗಲೇ ನ್ಯಾಯಾಧೀಶರ ಮುಂದಿಡಬೇಕು, ಏಕೆಂದರೆ ಸಹಿ ಹಾಕಿದ ನ್ಯಾಯಾಧೀಶರು ಆಮೇಲೆ ಸಿಗದೆ ಹೋಗಬಹುದು. ಅನಂತರ ಪ್ರತಿಯೊಬ್ಬರದೂ ಲೆಕ್ಕದ ಹಾಳೆ ಸಿದ್ಧವಾಗಬೇಕು: ವಿಚಾರಣಾಧೀನನಾಗಿ ಕಳೆದ ದಿನಗಳು, ಗಳಿಸಿದ ಮಾಫಿ, ಕಳೆದುಕೊಂಡ ಮಾಫಿ, ಇವತ್ತಿನ ಲೆಕ್ಕಕ್ಕೆ ಬಿಡುಗಡೆಯ ತಾರೀಖು. ಅದರ ಒಂದು ಪ್ರತಿ ಕೈದಿಯ ಕೈಯಲ್ಲಿ, ಅವನು ಓದಬಲ್ಲ ಭಾಷೆಯಲ್ಲಿ ಇರಬೇಕು. ಒಂದು ಹೋಗುವವರ ಬಳಿ, ಒಂದು ಬರುವವರ ಬಳಿ. ಕುಟುಂಬಕ್ಕೂ ಒಂದು ಪ್ರತಿ ಕಳುಹಿಸಿದರೆ ಮೇಲು. ಜೈಲು ಸುಟ್ಟರೂ ಅದು ಉಳಿಯುತ್ತದೆ.

ವಿಚಾರಣಾಧೀನ ಕೈದಿಗಳ ಸ್ಥಿತಿ ಸಜಾಬಂದಿಗಳಿಗಿಂತ ಹದಗೆಡುವುದೇ ಹೆಚ್ಚು. ಅವರ ಕಾಗದಕ್ಕೆ ಆಯುಸ್ಸು ಕಡಿಮೆ. ನಮ್ಮ ಕಾನೂನಿನಲ್ಲೇ ನೋಡಿ, ಮ್ಯಾಜಿಸ್ಟ್ರೇಟರು ಒಂದು ಬಾರಿಗೆ 15 ದಿನಕ್ಕಿಂತ ಹೆಚ್ಚು ರಿಮಾಂಡ್ ಕೊಡುವಂತಿಲ್ಲ. ಕೋರ್ಟು ಮೂರು ವಾರ ಮುಚ್ಚಿದ್ದರೆ ಆದೇಶ ಸದ್ದಿಲ್ಲದೆ ಸತ್ತಿರುತ್ತದೆ, ಬೀಗ ಮಾತ್ರ ಹಾಕಿಯೇ ಇರುತ್ತದೆ. ‘ಈವರೆಗಿನ ಎಲ್ಲ ಬಂಧನಗಳೂ ಕಾನೂನುಬದ್ಧ’ ಎಂಬ ಒಂದು ಸಾಲಿನ ಆದೇಶದಿಂದ ಹೊಸ ಸರ್ಕಾರಗಳು ಇದನ್ನು ಮುಚ್ಚಿಹಾಕುವುದುಂಟು. ಆ ಸಾಲು ಬೇಕಾಗಬಹುದು, ಆದರೆ ಅದಕ್ಕೊಂದು ಕೊನೆಯ ದಿನಾಂಕ ಬೇಕು: ಅಷ್ಟರೊಳಗೆ ಪ್ರತಿಯೊಬ್ಬರೂ ನ್ಯಾಯಾಧೀಶರ ಮುಂದೆ ಹಾಜರಾಗಬೇಕು, ಇಲ್ಲವೇ ಬಿಡುಗಡೆ. ಮೇಲ್ಮನವಿಯ ವಾಯಿದೆಯ ಗಡಿಯಾರವನ್ನೂ ಹಾಗೆಯೇ ನ್ಯಾಯಾಲಯ ಮುಚ್ಚಿದ ದಿನದಿಂದ ಹೊಸದು ತೆರೆಯುವ ದಿನದವರೆಗೆ ನಿಲ್ಲಿಸಬೇಕು.

ಪೌರತ್ವದ ಅರ್ಜಿ ಜೈಲಿನೊಳಗೇ, ಸಿಬ್ಬಂದಿಯಲ್ಲದ ಯಾರಾದರೊಬ್ಬರ ಎದುರು ತುಂಬುವಂತಿರಬೇಕು. ಬೇಡ ಎಂದವನನ್ನು ಒಂಟಿ ಕೋಣೆಗೆ ಹಾಕುವ ಅಧಿಕಾರ ಇರುವವನೇ ಅರ್ಜಿ ಹಿಡಿದು ಎದುರು ಕೂತರೆ ಅದು ಆಯ್ಕೆಯಲ್ಲ. ವಾಯಿದೆ ಕೈದಿಗೆ ನಮೂನೆ ತಲುಪಿದ ದಿನದಿಂದ ಶುರುವಾಗಬೇಕು, ಗೆಜೆಟ್ಟಿನಲ್ಲಿ ಅಚ್ಚಾದ ದಿನದಿಂದಲ್ಲ. ಜೈಲಿಗೆ ಗೆಜೆಟ್ ಬರುವುದಿಲ್ಲ.